ಕಟ್ಟಿದ ಕಲ್ಲು, ಕೊರೆದ ಕಲ್ಲು, ಬಿಟ್ಟ ಕಲ್ಲು

ಹೊಸ ವರ್ಷ ಬಂತೆಂದರೆ ನಮ್ಮ ಕ್ರೈಸ್ತ ಕುಟುಂಬಗಳ ಗೋಡೆಗಳನ್ನು ಅಲಂಕರಿಸುವ ಕ್ಯಾಲೆಂಡರುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಳಗೆ ನೀಲಿ ಕೊಲ್ಲಿ, ಅದರ ಅಂಚಿನುದ್ದಕ್ಕೂ ಹರಡಿಕೊಂಡ ಮಹಾನಗರ, ಮೇಲೆ ಮೋಡಗಳನ್ನು ಸೀಳಿಕೊಂಡು ಎದ್ದ ಬೆಟ್ಟದ ನೆತ್ತಿ. ಆ ನೆತ್ತಿಯ ಮೇಲೆ ಎರಡೂ ತೋಳುಗಳನ್ನು ಚಾಚಿ ನಿಂತ ಕ್ರಿಸ್ತನ ಪ್ರತಿಮೆ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ‘ಉದ್ಧಾರಕ ಕ್ರಿಸ್ತ’ ಅದು. ಚಿತ್ರದ ಅಡಿಯಲ್ಲಿ ‘ಜಗತ್ತಿನ ಏಳು ಹೊಸ ಅದ್ಭುತಗಳಲ್ಲಿ ಒಂದು’ ಎಂಬ ಸಾಲೂ ಇರುವುದುಂಟು. ಆ ಸಾಲನ್ನು ಓದುವಾಗ ನಮಗೆ ಸಹಜವಾಗಿಯೇ ಹೆಮ್ಮೆಯೆನಿಸುತ್ತದೆ. ಆದರೆ ಆ ಹೆಮ್ಮೆಯ ಬೆನ್ನಿಗೇ ಒಂದು ಪ್ರಶ್ನೆಯೂ ಏಳಬೇಕು. ಅದನ್ನು ಅದ್ಭುತವೆಂದು ತೀರ್ಮಾನಿಸಿದವರು ಯಾರು? ಯಾವ ಅಳತೆಗೋಲನ್ನು ಹಿಡಿದು?

ಪಟ್ಟಿ ಮಾಡುವ ಚಪಲ ಮನುಷ್ಯನಿಗೆ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ಕಾಲದ ಗ್ರೀಕರು ಮೆಡಿಟರೇನಿಯನ್ ಕಡಲಿನ ಸುತ್ತಮುತ್ತಲಿನ ಏಳು ನಿರ್ಮಾಣಗಳನ್ನು ಆರಿಸಿ, ‘ನೋಡಬೇಕಾದವುಗಳು’ ಎಂಬ ಅರ್ಥ ಬರುವ ಪದದಿಂದ ಅವನ್ನು ಕರೆದರು. ಆ ಏಳರಲ್ಲಿ ಇಂದಿಗೂ ಉಳಿದು ನಿಂತಿರುವುದು ಗೀಝಾದ ಮಹಾ ಪಿರಮಿಡ್ ಒಂದೇ. ರೋಡ್ಸ್ ದ್ವೀಪದ ಕಂಚಿನ ಸೂರ್ಯದೇವನ ಪ್ರತಿಮೆ ಅರವತ್ತು ವರ್ಷಗಳನ್ನೂ ಪೂರೈಸದೆ ಭೂಕಂಪಕ್ಕೆ ಸಿಕ್ಕಿ ನೆಲಕ್ಕುರುಳಿತು. ಬ್ಯಾಬಿಲೋನಿನ ತೂಗುತೋಟ ನಿಜವಾಗಿಯೂ ಇತ್ತೇ ಎಂಬುದರ ಬಗ್ಗೆಯೇ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಮರವೆಂದು ಹೊಗಳಿಸಿಕೊಂಡವುಗಳ ಆಯುಷ್ಯ ಇಷ್ಟು.

ಈ ಹಳೆಯ ಚಪಲ ನಮ್ಮ ಕಾಲದಲ್ಲಿ ಚುನಾವಣೆಯ ವೇಷ ತೊಟ್ಟಿತು. ಬರ್ನಾರ್ಡ್ ವೆಬರ್ ಎಂಬ ಸ್ವಿಸ್ ಮೂಲದ ಉದ್ಯಮಿ ಸ್ಥಾಪಿಸಿದ ಪ್ರತಿಷ್ಠಾನವೊಂದು ದೂರವಾಣಿ ಮತ್ತು ಅಂತರ್ಜಾಲದ ಮೂಲಕ ಮತಗಳನ್ನು ಸಂಗ್ರಹಿಸಿ, 2007ರ ಜುಲೈ 7ರಂದು ಲಿಸ್ಬನ್ ನಗರದಲ್ಲಿ ಏಳು ಹೊಸ ಅದ್ಭುತಗಳ ಹೆಸರುಗಳನ್ನು ಘೋಷಿಸಿತು. ತಾಜ್ ಮಹಲಿಗಾಗಿ ನಮ್ಮ ದೇಶದಲ್ಲಿ ಮೊಬೈಲ್ ಸಂದೇಶಗಳು ಹರಿದಾಡಿದ್ದನ್ನು ಓದುಗರು ಮರೆತಿರಲಾರರು. ಬ್ರೆಜಿಲ್‌ನಲ್ಲಿಯೂ ಅಂಥದೇ ಉತ್ಸಾಹವಿತ್ತು. ಹಣ ಕೊಟ್ಟು ಒಬ್ಬರೇ ಹಲವು ಬಾರಿ ಮತ ಚಲಾಯಿಸಲು ಅಲ್ಲಿ ಅವಕಾಶವಿತ್ತು. ತನಗೂ ಈ ಆಯ್ಕೆಗೂ ಸಂಬಂಧವಿಲ್ಲವೆಂದು ಯುನೆಸ್ಕೊ ಬಹಿರಂಗವಾಗಿ ಸ್ಪಷ್ಟಪಡಿಸಿತು. ಪಿರಮಿಡ್ಡನ್ನು ಮತಕ್ಕಿಟ್ಟದ್ದಕ್ಕೆ ಈಜಿಪ್ಟಿನಿಂದ ಆಕ್ಷೇಪಣೆ ಬಂದಾಗ ಅದಕ್ಕೆ ಗೌರವ ಸ್ಥಾನ ಕೊಟ್ಟು ಸಮಾಧಾನಪಡಿಸಲಾಯಿತು. ಮುಂದೆ ಪ್ರಕೃತಿಯ ಅದ್ಭುತಗಳಿಗೂ ಇದೇ ಬಗೆಯ ಸ್ಪರ್ಧೆ ನಡೆದಾಗ, ಕೇಳಿದ ಹಣ ವಿಪರೀತವಾಯಿತೆಂದು ಮಾಲ್ಡೀವ್ಸ್ ದೇಶ 2011ರಲ್ಲಿ ಕಣದಿಂದ ಹಿಂದೆ ಸರಿಯಿತು.

ಇಂಥ ಪಟ್ಟಿಗಳಿಂದ ಒಳಿತು ಏನೂ ಆಗಿಲ್ಲವೆಂದು ನಾನು ಹೇಳಲಾರೆ. ಪೆಟ್ರಾ, ಮಾಚು ಪಿಚು ಮುಂತಾದ ಹೆಸರುಗಳು ನಮ್ಮ ಹಳ್ಳಿಯ ಶಾಲೆಗಳ ಮಕ್ಕಳ ಬಾಯಿಗೂ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಪಟ್ಟಿ ಹೆಸರನ್ನು ಕಲಿಸುತ್ತದೆಯೇ ಹೊರತು ನೋಡುವುದನ್ನು ಕಲಿಸುವುದಿಲ್ಲ. ಎಷ್ಟು ಎತ್ತರ, ಎಷ್ಟು ಉದ್ದ, ಎಷ್ಟು ಮತ ಎಂಬಲ್ಲಿಗೆ ಅದರ ವಿಚಾರಣೆ ಮುಗಿದುಹೋಗುತ್ತದೆ. ಒಂದು ಹೆಗ್ಗುರುತು ತನ್ನೆದುರು ನಿಂತವನಿಂದ ಏನನ್ನು ಕೇಳುತ್ತದೆ, ಅದಕ್ಕಾಗಿ ಬೆವರು ಸುರಿಸಿದವರು ಯಾರು, ಅದರ ನೆರಳಿನಲ್ಲಿ ಬದುಕುವವರ ಪಾಡೇನು? ಈ ಪ್ರಶ್ನೆಗಳನ್ನು ಪಟ್ಟಿ ಎತ್ತುವುದೇ ಇಲ್ಲ. ಈ ಬರಹದಲ್ಲಿ ಮೂರು ಖಂಡಗಳ ಮೂರು ಕಲ್ಲುಗಳನ್ನು ಆ ಪ್ರಶ್ನೆಗಳ ಬೆಳಕಿನಲ್ಲಿ ನೋಡುವ ಪ್ರಯತ್ನ ನನ್ನದು. ಒಂದು ಮನುಷ್ಯ ಕಟ್ಟಿ ನಿಲ್ಲಿಸಿದ್ದು, ಇನ್ನೊಂದು ಕೊರೆದು ಇಳಿಸಿದ್ದು, ಮತ್ತೊಂದು ಇದ್ದ ಹಾಗೆಯೇ ಬಿಟ್ಟದ್ದು.

ಮೊದಲನೆಯದು ನಮ್ಮ ಕ್ಯಾಲೆಂಡರಿನ ಚಿತ್ರವೇ. ಕೊರ್ಕೊವಾಡೊ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಗೂನುಬೆನ್ನಿನದು ಎಂದರ್ಥ. ಸುಮಾರು 700 ಮೀಟರ್ ಎತ್ತರದ ಆ ಗೂನುಬೆಟ್ಟದ ಮೇಲೆ 8 ಮೀಟರಿನ ಪೀಠ. ಅದರ ಮೇಲೆ 30 ಮೀಟರ್ ಎತ್ತರದ ಪ್ರತಿಮೆ. ಚಾಚಿದ ತೋಳುಗಳ ತುದಿಯಿಂದ ತುದಿಗೆ 28 ಮೀಟರ್. ಬೆಟ್ಟದ ಮೇಲೊಂದು ಧಾರ್ಮಿಕ ಸ್ಮಾರಕವಿರಬೇಕೆಂಬ ಕನಸನ್ನು 19ನೆಯ ಶತಮಾನದಲ್ಲಿಯೇ ಪೆದ್ರೊ ಮರಿಯಾ ಬೋಸ್ ಎಂಬ ಗುರುಗಳು ಕಂಡಿದ್ದರು. ಅದು ಕೈಗೂಡಿದ್ದು, ಬ್ರೆಜಿಲ್ ಗಣರಾಜ್ಯವಾಗಿ ಧರ್ಮಸಭೆ ಮತ್ತು ಸರಕಾರ ಬೇರೆಯಾದ ನಂತರ, 1920ರ ದಶಕದಲ್ಲಿ; ಅದೂ ಬಹುಮಟ್ಟಿಗೆ ಸಾಮಾನ್ಯ ಕಥೋಲಿಕರ ಕಾಣಿಕೆಯಿಂದ. ಬ್ರೆಜಿಲಿನ ಎಂಜಿನಿಯರ್ ಹೈಟರ್ ದ ಸಿಲ್ವ ಕೋಸ್ಟ, ಫ್ರಾನ್ಸಿನ ಶಿಲ್ಪಿ ಪಾಲ್ ಲಾಂಡೋಸ್ಕಿ, ಅಲ್ಲಿಯವರೇ ಆದ ಎಂಜಿನಿಯರ್ ಆಲ್ಬರ್ಟ್ ಕಾಕೊ, ಮುಖಭಾವವನ್ನು ರೂಪಿಸಿದ ರುಮೇನಿಯಾದ ಗಿಯೋರ್ಗೆ ಲಿಯೋನಿಡಾ, ಹೀಗೆ ಹಲವು ದೇಶದವರ ಕೈಗಳು ಅಲ್ಲಿ ಕೂಡಿವೆ. 1931ರ ಅಕ್ಟೋಬರ್ 12ರಂದು ಪ್ರತಿಮೆ ಉದ್ಘಾಟನೆಯಾಯಿತು.

ಕಲಾಕೃತಿಯಾಗಿ ಈ ಪ್ರತಿಮೆಯ ಹಿರಿಮೆ ಎಲ್ಲಿದೆ? ಮೊದಲ ನಕ್ಷೆಯಲ್ಲಿ ಕ್ರಿಸ್ತನ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಭೂಗೋಳವಿತ್ತು. ಜನ ಅದನ್ನು ‘ಚೆಂಡು ಹಿಡಿದ ಕ್ರಿಸ್ತ’ನೆಂದು ನಗೆಯಾಡಿದರು. ಆಮೇಲೆ ಎರಡೂ ವಸ್ತುಗಳನ್ನು ಕೈಬಿಟ್ಟು, ದೇಹವನ್ನೇ ಶಿಲುಬೆಯನ್ನಾಗಿಸುವ ಯೋಚನೆ ಬಂದಿತು. ಈ ಕೈಬಿಡುವಿಕೆಯೇ ಆ ಕೃತಿಯ ಪ್ರತಿಭೆಯೆಂದು ನನಗೆ ತೋರುತ್ತದೆ. ಹತ್ತಾರು ಮೈಲಿ ದೂರದಿಂದ ನೋಡಿದವನಿಗೆ ಅದು ಬೆಟ್ಟದ ಮೇಲಿನ ಶಿಲುಬೆ. ಹತ್ತಿರ ಬಂದಂತೆ ಅದು ಅಪ್ಪಿಕೊಳ್ಳಲು ಕೈಚಾಚಿದ ಮನುಷ್ಯ. ದುಃಖದ ಗುರುತೇ ನಡೆಯುತ್ತ ನಡೆಯುತ್ತ ಸ್ವಾಗತದ ಗುರುತಾಗುತ್ತದೆ. ಇಷ್ಟು ದೊಡ್ಡ ದೈವಶಾಸ್ತ್ರವನ್ನು ಒಂದೇ ಭಂಗಿಯಲ್ಲಿ ಹೇಳಿದ ಪ್ರತಿಮೆಗಳು ವಿರಳ.

ಇನ್ನೊಂದು ಸಂಗತಿಯನ್ನು ನಾವು ಕನ್ನಡಿಗರು ವಿಶೇಷವಾಗಿ ಗಮನಿಸಬಹುದು. ಕಾಂಕ್ರೀಟಿನ ಈ ಪ್ರತಿಮೆಗೆ ಹೊದಿಸಿರುವುದು ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳು. ಬೇಲೂರು ಹಳೇಬೀಡುಗಳಲ್ಲಿ ಹೊಯ್ಸಳ ಶಿಲ್ಪಿಗಳು ಒಲಿಸಿಕೊಂಡದ್ದೂ ಅದೇ ಜಾತಿಯ ಮೃದು ಕಲ್ಲನ್ನು. ಬ್ರೆಜಿಲಿನಲ್ಲಿಯೂ ಶಿಲ್ಪಿ ಅಲೆಜಾಡಿನ್ಯೊ ಎರಡು ಶತಮಾನಗಳ ಹಿಂದೆ ಕೊಂಗೊನ್ಯಾಸ್ ಪಟ್ಟಣದ ದೇವಾಲಯದ ಮುಂದೆ ಹನ್ನೆರಡು ಪ್ರವಾದಿಗಳನ್ನು ಇದೇ ಕಲ್ಲಿನಲ್ಲಿ ಕಡೆದಿದ್ದ. ಲಕ್ಷಾಂತರ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಅಂಟಿಸಿ ಸಿದ್ಧಪಡಿಸಿದವರು ರಿಯೊ ನಗರದ ಧರ್ಮಕೇಂದ್ರಗಳ ಮಹಿಳೆಯರು. ಅವರಲ್ಲಿ ಅನೇಕರು ಬಿಲ್ಲೆಗಳ ಹಿಂಬದಿಯಲ್ಲಿ ತಮ್ಮ ಪ್ರೀತಿಪಾತ್ರರ ಹೆಸರುಗಳನ್ನು ಬರೆದರೆಂಬ ನೆನಪು ಅಲ್ಲಿ ಉಳಿದುಬಂದಿದೆ. ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಆ ಹೆಸರುಗಳು ಎಂದೂ ಕಾಣಿಸವು. ನನ್ನ ಮಟ್ಟಿಗಾದರೋ ಪ್ರತಿಮೆಯ ಹೃದಯ ಇರುವುದು ಆ ಕಾಣದ ಬದಿಯಲ್ಲಿಯೇ.

ಪ್ರತಿಮೆ ನಿಂತಿರುವ ಕಾಡಿನ ಕತೆಯನ್ನೂ ಇಲ್ಲಿ ಹೇಳಬೇಕು. ತಿಜುಕಾ ಎಂಬ ಆ ಹಸಿರು ಬೆಟ್ಟಸಾಲನ್ನು ನೋಡಿದವರು ಅದು ಅನಾದಿ ಕಾಲದ ಅರಣ್ಯವೆಂದು ಭಾವಿಸುತ್ತಾರೆ. ನಿಜವೆಂದರೆ 19ನೆಯ ಶತಮಾನದ ಮೊದಲ ಭಾಗದಲ್ಲಿ ಕಾಫಿ ತೋಟಗಳಿಗಾಗಿ ಆ ಬೆಟ್ಟಗಳ ಬಹುಭಾಗವನ್ನು ಬೋಳಿಸಲಾಗಿತ್ತು. ತೊರೆಗಳು ಬತ್ತಿ ನಗರಕ್ಕೆ ಕುಡಿಯುವ ನೀರಿಗೂ ತತ್ವಾರವಾದಾಗ, ಚಕ್ರವರ್ತಿ ಎರಡನೆಯ ಪೆದ್ರೊ 1861ರಲ್ಲಿ ಮರಳಿ ಕಾಡು ಬೆಳೆಸುವಂತೆ ಆಜ್ಞಾಪಿಸಿದ. ಮೇಜರ್ ಆರ್ಚರ್ ಎಂಬ ಅಧಿಕಾರಿಯ ಕೈಕೆಳಗೆ ಸಾವಿರಾರು ಸಸಿಗಳನ್ನು ನೆಟ್ಟವರು ಬೆರಳೆಣಿಕೆಯ ಗುಲಾಮರು. ಆ ದೇಶದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1888ರಲ್ಲಿ. ಅಂದರೆ ಉದ್ಧಾರಕನ ಪಾದದಡಿಯ ಹಸಿರನ್ನು ಬೆಳೆಸಿದವರು ತಾವೇ ಉದ್ಧಾರವನ್ನು ಕಾಣದೆ ದುಡಿದವರು. ‘ನಿಸರ್ಗ ಮತ್ತು ಮಾನವ ನಿರ್ಮಿತಿಯ ಅಪೂರ್ವ ಸಂಗಮ’ ಎಂದು ಪ್ರವಾಸಿ ಕೈಪಿಡಿಗಳು ಬಣ್ಣಿಸುವ ದೃಶ್ಯದಲ್ಲಿ ನಿಸರ್ಗವೂ ದೊಡ್ಡ ಪಾಲು ಮನುಷ್ಯನ ಬೆವರೇ ಆಗಿದೆ.

ಇನ್ನು ಈ ಪ್ರತಿಮೆಯ ಮಿತಿ. ಎತ್ತರದಲ್ಲಿಟ್ಟದ್ದು ಎಲ್ಲರಿಗೂ ಕಾಣುತ್ತದೆ, ಆದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಕಾಣುವುದಿಲ್ಲ. ಕ್ರಿಸ್ತನ ಮುಖ ಪೂರ್ವಕ್ಕೆ, ಕೊಲ್ಲಿಯ ಬಾಯಿಯ ಕಡೆಗಿದೆ. ಬಲಗೈಯ ಕಡೆ ಸಿರಿವಂತರ ಕಡಲತೀರಗಳು. ಎಡಗೈಯ ಕಡೆಗೆ ಕಾರ್ಮಿಕರ ಬಡಾವಣೆಗಳು. ಬೆನ್ನ ಹಿಂದೆ ಪಶ್ಚಿಮದ ಹೊರವಲಯ. ಸುತ್ತಲ ಗುಡ್ಡಗಳಿಗೆ ಜೋತುಬಿದ್ದ ಕೊಳೆಗೇರಿಗಳಲ್ಲಿ ಹುಟ್ಟಿದ ಮಗುವಿಗೂ ಅದೇ ಪ್ರತಿಮೆ ದಿನವೂ ಕಾಣುತ್ತದೆ. 1989ರ ಕಾರ್ನಿವಲ್ ಮೆರವಣಿಗೆಯಲ್ಲಿ ‘ಬೇಜಾ ಫ್ಲೋರ್’ ಎಂಬ ಸಾಂಬಾ ತಂಡ, ಜೊವಾಸಿನ್ಯೊ ತ್ರಿಂತಾ ಎಂಬ ಕಲಾವಿದನ ಕಲ್ಪನೆಯಂತೆ, ಉದ್ಧಾರಕ ಕ್ರಿಸ್ತನನ್ನು ಚಿಂದಿಯುಟ್ಟ ಭಿಕ್ಷುಕನ ರೂಪದಲ್ಲಿ ತರಲು ಸಿದ್ಧವಾಯಿತು. ಇದು ಪವಿತ್ರ ಬಿಂಬಕ್ಕೆ ಅಪಚಾರವೆಂದು ಭಾವಿಸಿದ ಅಲ್ಲಿನ ಮಹಾಧರ್ಮಪ್ರಾಂತ್ಯ ನ್ಯಾಯಾಲಯದ ತಡೆಯಾಜ್ಞೆ ತಂದಿತು. ತಂಡದವರು ಆ ಆಕೃತಿಯನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ನಿಷೇಧಕ್ಕೊಳಗಾದರೂ ನಮ್ಮನ್ನು ಕಾಯಬೇಕೆಂದು ಬೇಡುವ ಫಲಕವೊಂದನ್ನು ತೂಗುಹಾಕಿ ಮೆರವಣಿಗೆಯಲ್ಲಿ ತಂದರು.

ಮಹಾಧರ್ಮಪ್ರಾಂತ್ಯದ ಆತಂಕ ಸಂಪೂರ್ಣ ಅಕಾರಣವಾಗಿತ್ತೆಂದು ಹೇಳಲಾಗದು. ಕಾರ್ನಿವಲ್ಲಿನ ಅಮಲಿನ ನಡುವೆ ಪವಿತ್ರ ರೂಪವೊಂದು ಬರುವುದನ್ನು ಯಾವ ಭಕ್ತನ ಮನಸ್ಸೂ ಸುಲಭವಾಗಿ ಒಪ್ಪದು. ಆದರೂ ಆ ಮುಸುಕಿನ ಆಕೃತಿ ನನ್ನನ್ನು ಬಿಡದೆ ಕಾಡಿದೆ. ಹಸಿದವರಲ್ಲಿ, ಬೆತ್ತಲೆಯಾದವರಲ್ಲಿ ತನ್ನನ್ನೇ ಕಾಣಬೇಕೆಂದು ಬೋಧಿಸಿದವನನ್ನು ಬೆಟ್ಟದ ನೆತ್ತಿಯಿಂದ ಬೀದಿಗಿಳಿಸಿ ತಂದಾಗ ನಾವು ಅವನನ್ನು ಗುರುತಿಸಲು ಹಿಂಜರಿದೆವೇ? ಕೊರ್ಕೊವಾಡೊದ ಪ್ರತಿಮೆಯನ್ನು ಕುರಿತು ಬಂದ ವಿಮರ್ಶೆಗಳಲ್ಲೆಲ್ಲ ಅತ್ಯಂತ ತೀಕ್ಷ್ಣವಾದದ್ದನ್ನು ಬರೆದದ್ದು ಲೇಖನಿಯಲ್ಲ, ಆ ಕಪ್ಪು ಹಾಳೆ. ಮುಂದಿನ ವರ್ಷಗಳಲ್ಲಿ ಎತ್ತರದ ಪೈಪೋಟಿಯೂ ಶುರುವಾಯಿತು. ಬೊಲಿವಿಯಾದ ಕೊಚಬಾಂಬದಲ್ಲಿ 1994ರಲ್ಲಿ 34 ಮೀಟರಿನ ಕ್ರಿಸ್ತ. ಪೋಲೆಂಡಿನ ಶ್ವಿಯೆಬೊಜಿನ್‌ನಲ್ಲಿ 2010ರಲ್ಲಿ ಕಿರೀಟ ಧರಿಸಿದ ಇನ್ನೊಂದು. ಒಬ್ಬರಿಗಿಂತ ಒಬ್ಬರು ಒಂದೆರಡು ಮೀಟರ್ ಮೇಲೇರುವ ಈ ಹಂಬಲವನ್ನು ಕಂಡಾಗ ಬಾಬೆಲಿನ ಗೋಪುರದ ಕತೆ ನೆನಪಾದರೆ ತಪ್ಪೇನಿಲ್ಲ.

ಎರಡನೆಯ ಕಲ್ಲು ಆಫ್ರಿಕಾದ್ದು. ಇಥಿಯೋಪಿಯಾದ ಉತ್ತರಕ್ಕೆ, ಸುಮಾರು 2,500 ಮೀಟರ್ ಎತ್ತರದ ಮಲೆನಾಡಿನಲ್ಲಿ ಲಾಲಿಬೆಲ ಎಂಬ ಊರಿದೆ. ಅಲ್ಲಿ 11 ದೇವಾಲಯಗಳಿವೆ. ಅವುಗಳಲ್ಲಿ ಒಂದನ್ನೂ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಲ್ಲ. ಕೆಂಪು ಜ್ವಾಲಾಮುಖಿ ಶಿಲೆಯ ನೆಲವನ್ನೇ ಮೇಲಿನಿಂದ ಕೆಳಕ್ಕೆ ಕಡಿದು, ಅನವಶ್ಯಕವಾದುದನ್ನು ತೆಗೆದು, ಉಳಿದ ಬಂಡೆಯೊಳಗೆ ಬಾಗಿಲು, ಕಿಟಕಿ, ಕಂಬ, ಕಮಾನುಗಳನ್ನು ಕೊರೆದಿದ್ದಾರೆ. ಜಾಗ್ವೆ ವಂಶದ ರಾಜ ಲಾಲಿಬೆಲನ ಹೆಸರಿನಲ್ಲಿ, ಅಂದರೆ 12ನೆಯ ಶತಮಾನದ ಕೊನೆ ಮತ್ತು 13ನೆಯ ಶತಮಾನದ ಆರಂಭಕ್ಕೆ ಪರಂಪರೆ ಇವನ್ನು ಸೇರಿಸುತ್ತದೆ. ಕೆಲವು ಭಾಗಗಳು ಇನ್ನೂ ಹಳೆಯವೆಂದು ಪುರಾತತ್ವಜ್ಞ ಡೇವಿಡ್ ಫಿಲಿಪ್ಸನ್ ವಾದಿಸಿದ್ದಾರೆ. ಅಲ್ಲಿ ಹರಿಯುವ ಕಾಲುವೆಗೆ ಯೊರ್ದಾನ್ ಎಂದೇ ಹೆಸರು. ದೂರದ ಜೆರುಸಲೇಮನ್ನು ತಮ್ಮ ಬೆಟ್ಟದಲ್ಲಿಯೇ ಕಂಡುಕೊಳ್ಳುವ ಹಂಬಲ ಆ ಹೆಸರಿನಲ್ಲಿದೆ.

ಹೀಗೆ ಮೇಲಿನಿಂದ ಕೆಳಕ್ಕೆ ಕೊರೆಯುವ ವಿದ್ಯೆ ನಮಗೂ ಅಪರಿಚಿತವಲ್ಲ. ಎಲ್ಲೋರದ ಕೈಲಾಸ ದೇವಾಲಯವನ್ನು 8ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮೊದಲನೆಯ ಕೃಷ್ಣನ ಕಾಲದ ಶಿಲ್ಪಿಗಳು ಇದೇ ಕ್ರಮದಲ್ಲಿ ಬೆಟ್ಟದಿಂದ ಬಿಡಿಸಿ ತೆಗೆದರು. ಈ ವಿದ್ಯೆಯಲ್ಲಿ ತಪ್ಪಿಗೆ ಕ್ಷಮೆಯಿಲ್ಲ. ಕಟ್ಟುವವನು ಒಡೆದ ಇಟ್ಟಿಗೆಯನ್ನು ಬದಲಾಯಿಸಬಲ್ಲ. ಕೊರೆಯುವವನು ಒಂದು ಏಟು ಹೆಚ್ಚು ಹೊಡೆದರೆ ಕಂಬವೇ ಹೋಯಿತು. ಆದ್ದರಿಂದ ಮೊದಲ ಉಳಿಯ ಏಟಿಗೆ ಮುಂಚೆಯೇ ಇಡೀ ದೇವಾಲಯ ಮನಸ್ಸಿನಲ್ಲಿ ಮುಗಿದಿರಬೇಕು.

ಲಾಲಿಬೆಲದ ಹನ್ನೊಂದರಲ್ಲಿ ಮೆದಾನೆ ಅಲೆಮ್, ಅಂದರೆ ಲೋಕರಕ್ಷಕನ ದೇವಾಲಯ, 33 ಮೀಟರಿಗೂ ಮಿಕ್ಕ ಉದ್ದದ್ದು. ಗಾತ್ರದಲ್ಲಿ ಅದೇ ದೊಡ್ಡದು. ಆದರೆ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸಂತ ಜಾರ್ಜರ ಹೆಸರಿನ ದೇವಾಲಯ. ಸಮತಟ್ಟಾದ ನೆಲದಲ್ಲಿ ನಡೆದು ಬರುವವನಿಗೆ ಅದು ಕಾಣಿಸುವುದೇ ಇಲ್ಲ. ಹತ್ತಿರ ಬಂದು ನಿಂತಾಗ ಕಾಲಬುಡದಲ್ಲಿ ಸುಮಾರು 12 ಮೀಟರ್ ಆಳದ ಗುಂಡಿ. ಅದರ ನಡುವೆ ನೆಲದ ಮಟ್ಟಕ್ಕೆ ಸರಿಯಾಗಿ ಒಂದರೊಳಗೊಂದು ಕೊರೆದ ಶಿಲುಬೆಗಳ ಛಾವಣಿ. ಒಳಗೆ ಹೋಗಬೇಕಾದರೆ ಬಂಡೆಯನ್ನು ಸೀಳಿದ ಇಕ್ಕಟ್ಟಾದ ಓಣಿಯಲ್ಲಿ ಇಳಿಯಬೇಕು, ಪಾದರಕ್ಷೆ ಕಳಚಬೇಕು. ಇಳಿದ ಮೇಲೆಯೇ ಆ ಗೋಡೆಗಳ ಎತ್ತರ ನಮಗೆ ಗೊತ್ತಾಗುತ್ತದೆ. ದೂರದಿಂದ ತನ್ನನ್ನು ಸಾರಿಕೊಳ್ಳುವ ಗೋಪುರಗಳೇ ತುಂಬಿರುವ ಲೋಕದಲ್ಲಿ, ಬಂದು ತಲೆಬಾಗಿದವನಿಗೆ ಮಾತ್ರ ತನ್ನನ್ನು ತೋರುವ ದೇವಾಲಯ ಅದು. ರೂಪ ಮತ್ತು ಭಾವ ಇಷ್ಟೊಂದು ಒಂದಾದ ಇನ್ನೊಂದು ಕ್ರೈಸ್ತ ಕಟ್ಟೋಣವನ್ನು ನಾನರಿಯೆ.

1520ರ ದಶಕದಲ್ಲಿ ಅಲ್ಲಿಗೆ ಹೋಗಿದ್ದ ಪೋರ್ಚುಗೀಸ್ ಗುರು ಫ್ರಾನ್ಸಿಸ್ಕೊ ಆಲ್ವಾರೆಸ್, ತಾನು ಕಂಡದ್ದನ್ನು ಹೆಚ್ಚು ಬರೆದರೆ ಓದುವವರು ನಂಬಲಾರರೆಂದು ಅಂಜಿ, ಆಣೆಯಿಟ್ಟು ತನ್ನ ಬರಹವನ್ನು ಮುಂದುವರಿಸಿದ. ಹಗಲು ಮನುಷ್ಯರು ದುಡಿದರೆ ಇರುಳು ದೇವದೂತರು ಆ ಕೆಲಸವನ್ನು ಮುಂದುವರಿಸಿದರೆಂದು ಊರಿನ ಐತಿಹ್ಯ ಹೇಳುತ್ತದೆ. ಕೆಲವು ಪಾಶ್ಚಾತ್ಯ ಲೇಖಕರಾದರೋ ಯೂರೋಪಿನ ಧರ್ಮಯುದ್ಧದ ಯೋಧರು ಬಂದು ಇವನ್ನು ಕೆತ್ತಿರಬೇಕೆಂದು ಊಹಿಸಿದರು. ಆ ಊಹೆಗೆ ಆಧಾರವಿಲ್ಲ. ಕೆಲವು ಗೋಡೆಗಳಲ್ಲಿ ಮರದ ತೊಲೆ ಮತ್ತು ಕಲ್ಲಿನ ಪದರಗಳನ್ನು ಅನುಕರಿಸಿ ಕೊರೆದ ವಿನ್ಯಾಸ ಆ ನಾಡಿನದೇ ಆದ ಪ್ರಾಚೀನ ಅಕ್ಸುಮ್ ಶೈಲಿಯದು. ದೇವದೂತರ ಕತೆಯೂ ಯೋಧರ ಕತೆಯೂ ಉಳಿ ಹಿಡಿದ ಕೈಗಳನ್ನು ಮರೆಮಾಡುತ್ತವೆ ಎಂಬುದು ನಿಜ. ಆದರೂ ಅವೆರಡೂ ಒಂದೇ ಅಲ್ಲ. ಮೊದಲನೆಯದು ತಮ್ಮ ಪೂರ್ವಜರ ದುಡಿಮೆಯ ಮುಂದೆ ಬೆರಗಾದ ಮಕ್ಕಳ ಕೃತಜ್ಞತೆ. ಎರಡನೆಯದು ಕಪ್ಪು ಜನರ ಕೈಗಳಿಂದ ಇದು ಸಾಧ್ಯವಿಲ್ಲವೆಂಬ ತಾತ್ಸಾರ.

ಲಾಲಿಬೆಲ ಇಂದಿಗೂ ಜೀವಂತ ಆರಾಧನೆಯ ಸ್ಥಳ. ಇಥಿಯೋಪಿಯಾದ ಕ್ರೈಸ್ತರು ಜನವರಿ 7ರಂದು ಆಚರಿಸುವ ಕ್ರಿಸ್ತಜಯಂತಿಗೆ ಬಿಳಿ ಬಟ್ಟೆ ಹೊದ್ದ ಸಾವಿರಾರು ಯಾತ್ರಿಕರು ಅಲ್ಲಿ ಇರುಳಿಡೀ ಕೀರ್ತನೆ ಹಾಡುತ್ತಾರೆ. ಯುನೆಸ್ಕೊ 1978ರಲ್ಲಿ ವಿಶ್ವ ಪರಂಪರೆಯ ತನ್ನ ಮೊದಲ ಪಟ್ಟಿಯಲ್ಲಿಯೇ ಅದನ್ನು ಸೇರಿಸಿತು. ಆದರೆ ಮೃದು ಶಿಲೆ ಮಳೆಗೆ ಕರಗುತ್ತದೆ, ಬಿರುಕು ಬಿಡುತ್ತದೆ. ಯೂರೋಪಿನ ನೆರವಿನಿಂದ ಕೆಲವು ದೇವಾಲಯಗಳ ಮೇಲೆ ಎತ್ತರದ ಲೋಹದ ಚಪ್ಪರಗಳನ್ನು ನಿಲ್ಲಿಸಲಾಯಿತು. ಆಕಾಶಕ್ಕೆ ತೆರೆದಿರಬೇಕಾದ ಛಾವಣಿಗಳಿಗೆ ಆ ಚಪ್ಪರಗಳು ಕಣ್ಣಿಗೆ ಚುಚ್ಚುವ ಭಾರವೇ ಸರಿ. ಆದರೂ ರೋಗಿಯ ಹಾಸಿಗೆಯ ಬಳಿಯ ಔಷಧಿ ಸೀಸೆಯನ್ನು ನೋಡಿ ಮುಖ ಸಿಂಡರಿಸುವುದು ಸಲ್ಲದು. 2021ರ ಅಂತರ್ಯುದ್ಧದಲ್ಲಿ ಈ ಪುಣ್ಯಕ್ಷೇತ್ರ ಒಂದು ಪಡೆಯ ಕೈಯಿಂದ ಇನ್ನೊಂದರ ಕೈಗೆ ಹೋಗಿ ಬಂದಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ಕಲ್ಲಿಗೂ ಅಭಯ ಸಿಗುವುದಿಲ್ಲ.

ಮೂರನೆಯ ಕಲ್ಲಿಗೆ ಶಿಲ್ಪಿಯಿಲ್ಲ. ಆಸ್ಟ್ರೇಲಿಯಾದ ಮಧ್ಯದ ಒಣಭೂಮಿಯಲ್ಲಿ ಉಲುರು ಎಂಬ ಕೆಂಪು ಬಂಡೆ ಬಯಲಿನಿಂದ 348 ಮೀಟರ್ ಮೇಲೆದ್ದಿದೆ. ಅದರ ಸುತ್ತಳತೆ 9 ಕಿಲೋಮೀಟರಿಗೂ ಹೆಚ್ಚು. ಕೋಟ್ಯಂತರ ವರ್ಷಗಳ ಹಿಂದೆ ಬೆಟ್ಟಗಳಿಂದ ಕೊಚ್ಚಿ ಬಂದ ಮರಳು ಗಟ್ಟಿಯಾಗಿ, ಭೂಮಿಯ ಒತ್ತಡಕ್ಕೆ ಪದರಗಳೆಲ್ಲ ಹೆಚ್ಚುಕಡಿಮೆ ಲಂಬವಾಗಿ ಹೊರಳಿ ನಿಂತು ಆದ ಶಿಲೆ ಅದು. ಅದರೊಳಗಿನ ಕಬ್ಬಿಣದ ಅಂಶ ಗಾಳಿಗೆ ತುಕ್ಕು ಹಿಡಿದು ಆ ಕೆಂಪು ಬಂದಿದೆ. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ಬದುಕಿದ ಅನಂಗು ಜನರಿಗೆ ಅದರ ಒಂದೊಂದು ಬಿರುಕು, ಒಂದೊಂದು ಗುಹೆ ತಮ್ಮ ಪೂರ್ವಿಕರ ನಡೆಯ ಗುರುತು, ಧರ್ಮದ ಪಾಠ. 1873ರಲ್ಲಿ ಅಲ್ಲಿಗೆ ಬಂದ ವಿಲಿಯಂ ಗಾಸ್ ಎಂಬ ಸರ್ವೇಕ್ಷಕ, ಹೆಸರಿದ್ದ ಕಲ್ಲಿಗೆ ಮತ್ತೆ ಹೆಸರಿಟ್ಟ. ದಕ್ಷಿಣ ಆಸ್ಟ್ರೇಲಿಯಾದ ಅಂದಿನ ಅಧಿಕಾರಿ ಹೆನ್ರಿ ಏಯರ್ಸ್ ಅವರ ನೆನಪಿಗೆ ಅದು ‘ಏಯರ್ಸ್ ರಾಕ್’ ಆಯಿತು.

ಆಮೇಲೆ ಬಂದವರು ಪ್ರವಾಸಿಗರು. 1964ರಲ್ಲಿ ಹತ್ತುವವರ ಅನುಕೂಲಕ್ಕಾಗಿ ಬಂಡೆಗೆ ಕಬ್ಬಿಣದ ಕಂಬಗಳನ್ನು ನೆಟ್ಟು ಸರಪಳಿ ಕಟ್ಟಲಾಯಿತು. ಹತ್ತುವ ಪ್ರಯತ್ನದಲ್ಲಿ ದಶಕಗಳ ಅವಧಿಯಲ್ಲಿ 35ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಮ್ಮ ನೆಲದಲ್ಲಿ ಅತಿಥಿಯೊಬ್ಬ ಸತ್ತರೆ ಅದು ತಮ್ಮ ಹೊಣೆಯೆಂದು ಅನಂಗು ಹಿರಿಯರು ದುಃಖಿಸಿದರು. 1985ರ ಅಕ್ಟೋಬರ್ 26ರಂದು ಸರಕಾರ ಆ ನೆಲದ ಒಡೆತನವನ್ನು ಅವರಿಗೆ ಮರಳಿಸಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷಗಳಿಗೆ ಗೇಣಿಗೆ ಕೊಟ್ಟರು. ಒಡೆಯರಾದ ಮೇಲೂ ಅವರು ಬಾಗಿಲು ಮುಚ್ಚಲಿಲ್ಲ. ದಯಮಾಡಿ ಹತ್ತಬೇಡಿ ಎಂಬ ವಿನಂತಿಯ ಫಲಕವನ್ನು ಹಾಕಿ ವರ್ಷಗಟ್ಟಲೆ ಕಾದರು. ಹತ್ತುವವರ ಪ್ರಮಾಣ ಕ್ರಮೇಣ ಇಳಿಯಿತು. ಕೊನೆಗೆ 2019ರ ಅಕ್ಟೋಬರ್ 26ರಂದು, ಒಡೆತನ ಮರಳಿದ 34ನೆಯ ವಾರ್ಷಿಕ ದಿನ, ಹತ್ತುವುದು ಶಾಶ್ವತವಾಗಿ ನಿಂತಿತು. ವಿಷಾದವೆಂದರೆ, ಅದಕ್ಕೆ ಮುಂಚಿನ ದಿನಗಳಲ್ಲಿ ಕೊನೆಯ ಅವಕಾಶ ತಪ್ಪಬಾರದೆಂದು ನೂರಾರು ಜನ ಸರಪಳಿ ಹಿಡಿದು ಸಾಲುಗಟ್ಟಿ ನಿಂತಿದ್ದರು.

ಆ ಸಾಲನ್ನು ನೋಡಿ ನಾವು ನಗುವ ಹಾಗಿಲ್ಲ. ಬಲಿಪೂಜೆ ನಡೆಯುತ್ತಿರುವಾಗ ಪ್ರವಾಸಿಯೊಬ್ಬ ಪೀಠದ ಮೆಟ್ಟಿಲೇರಿ ಫೋಟೊ ತೆಗೆದರೆ ನಮ್ಮ ಮನಸ್ಸು ಎಷ್ಟು ನೋಯುತ್ತದೆ! ಇನ್ನೊಬ್ಬರ ಪೀಠಕ್ಕೆ ಗೋಡೆಯಿಲ್ಲ, ಘಂಟೆಯಿಲ್ಲ, ಮೇಣದಬತ್ತಿಯಿಲ್ಲ ಎಂಬ ಕಾರಣಕ್ಕೆ ಅದು ಬರಿಯ ಬಂಡೆಯಾಗಿಬಿಡುವುದೇ? ಅವರ ನಂಬಿಕೆಯನ್ನು ನಾವು ಹಂಚಿಕೊಳ್ಳಬೇಕಿಲ್ಲ. ಅವರ ಭಕ್ತಿಗೆ ನೋವಾಗದಂತೆ ನಡೆದುಕೊಂಡರೆ ಸಾಕು. ಉಲುರುವಿನಿಂದ ನೆನಪಿಗೆಂದು ಕಲ್ಲಿನ ಚೂರುಗಳನ್ನು ಕದ್ದೊಯ್ದ ಹಲವರು ಆಮೇಲೆ ಪಶ್ಚಾತ್ತಾಪದ ಪತ್ರದೊಡನೆ ಅವನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಉದ್ಯಾನದ ಸಿಬ್ಬಂದಿ ಅವನ್ನು ‘ಕ್ಷಮೆಯ ಕಲ್ಲುಗಳು’ ಎಂದೇ ಕರೆಯುತ್ತಾರೆ. ಜಗತ್ತಿನ ಯಾವ ಪಟ್ಟಿಯಲ್ಲಿಯೂ ಇಲ್ಲದ ಈ ಪುಟ್ಟ ಕಲ್ಲುಗಳು ನನಗೆ ದೊಡ್ಡ ಅದ್ಭುತವೆನಿಸುತ್ತವೆ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ. ಕೊರ್ಕೊವಾಡೊ ನಮಗೆ ತಲೆಯೆತ್ತಿ ನೋಡೆನ್ನುತ್ತದೆ. ಲಾಲಿಬೆಲ ಕೆಳಗಿಳಿದು ಬಾ ಎನ್ನುತ್ತದೆ. ಉಲುರು ಹತ್ತಬೇಡ, ಸುತ್ತಿ ಬಾ ಎನ್ನುತ್ತದೆ. ಕಲೆಯ ದೃಷ್ಟಿಯಿಂದ ಆರಿಸಬೇಕಾಗಿ ಬಂದರೆ ನನ್ನ ಮತ ಲಾಲಿಬೆಲಕ್ಕೆ, ಏಕೆಂದರೆ ಅಲ್ಲಿ ನೋಡುವ ಕ್ರಿಯೆಯೇ ಪ್ರಾರ್ಥನೆಯಾಗುವಂತೆ ಕಲ್ಲನ್ನು ರೂಪಿಸಿದ್ದಾರೆ. ರಿಯೊದ ಕ್ರಿಸ್ತನನ್ನು ಪ್ರೀತಿಸುವುದು ಸುಲಭ. ಆದರೆ ಆ ಸುಲಭದಲ್ಲಿಯೇ ಅಪಾಯವಿದೆ. ಸಾವಿರಾರು ಚಿತ್ರಗಳಲ್ಲಿ ಪುನರಾವರ್ತನೆಗೊಂಡ ಚಾಚಿದ ಕೈಗಳು ಕೊನೆಗೆ ನಮ್ಮನ್ನು ಏನನ್ನೂ ಕೇಳದ ಅಲಂಕಾರವಾಗಿಬಿಡಬಹುದು. ಉಲುರು ಕಲೆಯ ತೂಕಕ್ಕೆ ಸಿಗುವಂಥದ್ದಲ್ಲ. ಅದು ನಮ್ಮನ್ನೇ ತೂಗುತ್ತದೆ.

ಕೊನೆಯದಾಗಿ ನಮ್ಮ ಮನೆಯಂಗಳದ ಒಂದು ಮಾತು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯ ಹೇಮಾವತಿಯ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ‘ನೋಡಲೇಬೇಕಾದ ತಾಣ’ಗಳ ಪಟ್ಟಿಗಳಲ್ಲಿ ಅದೂ ಈಗ ಸೇರಿದೆ. ಆ ಕಮಾನುಗಳ ಕೆಳಗೆ ಮದುವೆಯ ಚಿತ್ರ ತೆಗೆಸಿಕೊಳ್ಳುವ ಎಷ್ಟು ಮಂದಿಗೆ ಅದು ಒಂದು ಕಾಲದಲ್ಲಿ ಧರ್ಮಕೇಂದ್ರವಾಗಿತ್ತು, ಅಲ್ಲಿ ಮಕ್ಕಳ ಜ್ಞಾನಸ್ನಾನ ನಡೆದಿತ್ತು, ಅಲ್ಲಿನ ಕುಟುಂಬಗಳು ನೆಲ ಬಿಟ್ಟು ಹೋಗಬೇಕಾಯಿತು ಎಂಬ ಯೋಚನೆ ಬಂದೀತು? ಉಲುರುವಿನ ಜನರ ನೋವು ನಮಗೆ ಅರ್ಥವಾಗಲು ಆಸ್ಟ್ರೇಲಿಯಾದವರೆಗೆ ಹೋಗಬೇಕಾಗಿಲ್ಲ.

ಬರುವ ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯುವಾಗ, ಅದು ದೂರದ ಪುಣ್ಯಕ್ಷೇತ್ರವಾಗಲಿ ಪಕ್ಕದ ಬೆಟ್ಟವಾಗಲಿ, ಎತ್ತರ ಎಷ್ಟೆಂದು ಹೇಳುವ ಮೊದಲು ಎರಡು ಪ್ರಶ್ನೆಗಳನ್ನು ಅವರ ಮುಂದಿಡೋಣ. ಇದನ್ನು ಮಾಡಿದವರು ಅಥವಾ ಕಾಪಾಡಿದವರು ಯಾರು? ಇದರ ಮುಂದೆ ನಾವು ಹೇಗೆ ನಿಲ್ಲಬೇಕು? ಕ್ಯಾಮೆರಾ ಆಮೇಲೆ ಹೊರಬರಲಿ. ಬಳಪದ ಕಲ್ಲಿನ ಬಿಲ್ಲೆಯ ಹಿಂದೆ ಯಾರದೋ ಹೆಸರು ಬರೆದ ಆ ತಾಯಂದಿರು, ಕೆಂಪು ಬಂಡೆಯೊಳಗೆ ಇಳಿದು ಹೋದ ಆ ಹೆಸರಿಲ್ಲದ ಕಲ್ಕುಟಿಗರು, ದಯಮಾಡಿ ಎಂದು ಬರೆದು ಕಾದು ಕುಳಿತ ಆ ಹಿರಿಯರು ಯಾವ ಪಟ್ಟಿಗೂ ಸೇರಿದವರಲ್ಲ. ಮಕ್ಕಳ ನೆನಪಿನಲ್ಲಾದರೂ ಅವರಿಗೊಂದು ಜಾಗವಿರಲಿ.